ಎದುರುಮನೆಯ ಆಂಟಿಯ ಮಾತ್ರೆ

ದೆಹಲಿಯ ದ್ವಾರಕಾದಲ್ಲಿ ನಮ್ಮ ಎದುರುಮನೆಯಲ್ಲಿದ್ದ ಕನ್ನಡದ ಆಂಟಿ ಕೇಂದ್ರ ಸರ್ಕಾರದ ಗುಮಾಸ್ತರೊಬ್ಬರ ವಿಧವೆ. ಗಂಡನ ಪಿಂಚಣಿ ಬರುತ್ತಿತ್ತು, ಸರ್ಕಾರಿ ನೌಕರರ ಡಿಸ್ಪೆನ್ಸರಿಯಲ್ಲಿ ಬಿಪಿ ಮಾತ್ರೆ ಪುಕ್ಕಟೆ ಸಿಗುತ್ತಿತ್ತು. ಯಾರು ಆರೋಗ್ಯ ವಿಚಾರಿಸಿದರೂ ಸೆರಗು ಸರಿಮಾಡಿಕೊಂಡು, "ಅಚ್ಛಾ, ನನಗೇನಾಗಿದೆ?" ಎನ್ನುತ್ತಿದ್ದರು.

ಒಮ್ಮೆ ಅವರನ್ನು ಡಿಸ್ಪೆನ್ಸರಿಗೆ ಕರೆದುಕೊಂಡು ಹೋಗಿದ್ದೆ. ಬಿಪಿ ವಿಪರೀತ ಏರಿತ್ತು. "ದಿನಾ ಮಾತ್ರೆ ತಗೋತೀರಾ?" ಎಂದು ಡಾಕ್ಟರು ಹಿಂದಿಯಲ್ಲಿ ಕೇಳಿದರು. ಆಂಟಿ ನನ್ನತ್ತ ತಿರುಗಿ ಕನ್ನಡದಲ್ಲಿ, "ಒಂದು ದಿನ ನಾನು, ಒಂದು ದಿನ ಅವಳು," ಎಂದರು.

ಅವಳೆಂದರೆ ನಮ್ಮ ಗೇಟಿನ ಪಕ್ಕ ಬಟ್ಟೆ ಇಸ್ತ್ರಿ ಮಾಡುವ ಮುದುಕಿ. ಅವಳಿಗೆ ಪಿಂಚಣಿಯೂ ಇರಲಿಲ್ಲ, ಚಿಕಿತ್ಸೆಯ ಕಾರ್ಡೂ ಇರಲಿಲ್ಲ. ಅವಳು ತಲೆಸುತ್ತಿ ಬಿದ್ದ ದಿನದಿಂದ, ಅವಳದೂ ಬಿಪಿಯೇ ಎಂದುಕೊಂಡು ಆಂಟಿ ತಮ್ಮ ಮಾತ್ರೆ ಹಂಚಿಕೊಳ್ಳುತ್ತಿದ್ದರು.

ನಾನು ಅದನ್ನು ಹಿಂದಿಯಲ್ಲಿ ತಿಳಿಸಿದೆ. "ಹೀಗೆ ಮಾಡಿದರೆ ಇಬ್ಬರೂ ಉಳಿಯೋದಿಲ್ಲ," ಎಂದು ಡಾಕ್ಟರು ಗದರಿದರು.

ಮರುದಿನ ಆಂಟಿ ಅವಳನ್ನು ರಿಕ್ಷಾದಲ್ಲಿ ಕೂರಿಸಿಕೊಂಡು ಎಲ್ಲರಿಗೂ ಔಷಧಿ ಸಿಗುವ ಸರ್ಕಾರಿ ಆಸ್ಪತ್ರೆಗೆ ಹೊರಟರು. ನಾನೂ ಜೊತೆಗಿದ್ದೆ. ಮಧ್ಯಾಹ್ನದವರೆಗೆ ಸಾಲಿನಲ್ಲಿ ನಿಂತೆವು. ಚೀಟಿ ಬರೆಯುವವನು, "ಇವರು ನಿಮಗೇನಾಗಬೇಕು?" ಎಂದ.

"ಬರ್ಕೊಳ್ಳಿ ಭಯ್ಯಾ, ಇಬ್ಬರಿಗೂ ಒಂದೇ ಕಾಯಿಲೆ," ಎಂದರು ಆಂಟಿ.

ಆಮೇಲೆ ಪ್ರತಿದಿನ ಬೆಳಿಗ್ಗೆ ಇಬ್ಬರೂ ಗೇಟಿನ ಬಳಿ ಎದುರುಬದುರು ನಿಂತು, ಒಬ್ಬರನ್ನೊಬ್ಬರು ನೋಡುತ್ತಾ, ತಮ್ಮ ತಮ್ಮ ಮಾತ್ರೆ ನುಂಗುತ್ತಿದ್ದರು.