ಪೇಪರ್ ಸಾಬರು ಎರಡನೇ ಸಲ ಅಳೆದದ್ದು

ಅವರ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿತ್ತು. ಸೀಳಿನೊಳಗೆ ಒಣಗಿದ ಅಂಟು ಬೆಳ್ಳಗೆ ಕೂತಿರುತ್ತಿತ್ತು. ಟೇಪಿನ ತುದಿಯನ್ನು ಅದೇ ಉಗುರಿನಿಂದ ಗೋಡೆಗೆ ಒತ್ತಿ ಹಿಡಿಯುತ್ತಿದ್ದರು. ಗುಂಡ್ಲುಪೇಟೆಯಲ್ಲಿ ಮನೆಗಳಿಗೆ ವಾಲ್‌ಪೇಪರ್ ಅಂಟಿಸುತ್ತಿದ್ದ ಅವರನ್ನು ನಾವೆಲ್ಲ ಪೇಪರ್ ಸಾಬರು ಎನ್ನುತ್ತಿದ್ದೆವು.

ನಾನು ಬಾಣಂತನಕ್ಕೆ ತವರಿಗೆ ಬಂದಿದ್ದೆ. ಹೆಸರಿಡುವ ದಿನ ಚಾಮರಾಜನಗರದಿಂದ ಬೀಗರು ಬರುವ ಮೊದಲು, ನನ್ನ ಕೋಣೆಯ ಗೋಡೆಗಳ ಮೇಲಿನ ಮಳೆನೀರಿನ ಹಳೆಯ ಕಲೆಗಳನ್ನು ಮುಚ್ಚಿಸಲು ಅಪ್ಪ ಅವರನ್ನು ಕರೆಸಿದರು. ಬಾಣಂತಿಯ ಕೋಣೆಯೆಂದು ಹೊಸ್ತಿಲಲ್ಲೇ ನಿಂತು, "ಒಳಕ್ ಬರ್ಲಾಮ್ಮಾ?" ಎಂದು ಕೇಳಿದರು. ತೊಲೆಗೆ ಕಟ್ಟಿದ್ದ ತೊಟ್ಟಿಲಿನ ಹತ್ತಿರವೂ ಸುಳಿಯದೆ ಅಂಚಿನಲ್ಲೇ ನಡೆದರು. ಪ್ರತಿ ಗೋಡೆಯ ಎತ್ತರವನ್ನು ಎರಡು ತುದಿಯಲ್ಲೂ ನಡುವೆಯೂ ಅಳೆದು ಚೀಟಿಯಲ್ಲಿ ಬರೆದುಕೊಂಡು, ಒಂಬತ್ತು ರೋಲು ಬೇಕೆಂದರು.

ಅಪ್ಪ ಲೆಕ್ಕದ ಮೇಷ್ಟ್ರು. ಚದರಡಿ ಕೂಡಿಸಿ, ಬಾಗಿಲು ಕಿಟಕಿ ಕಳೆದು, "ಏಳು ಸಾಕು ಬುಡಿ ಸಾಬ್ರೇ," ಎಂದರು.

"ಚದರಡಿ ಗ್ವಾಡೆಗೆ ಅಂಟಲ್ಲ ಮೇಷ್ಟ್ರೇ, ಪಟ್ಟಿ ಅಂಟೋದು. ಒಂದ್ ರೋಲ್ಗೆ ಮೂರೇ ಪಟ್ಟಿ. ಹೂವಿಗೆ ಹೂವು ಕೂಡಿಸ್ಬೇಕಲ್ಲ, ಮಿಕ್ಕಿದ್ ತುಂಡು ಎಲ್ಲೂ ಕೂರಲ್ಲ."

"ಮೂವತ್ ವರ್ಷ ಮಕ್ಳಿಗೆ ಇದ್ನೇ ಹೇಳ್ಕೊಟ್ಟಿವ್ನಿ."

"ಆ ಮಕ್ಳು ಯಾರೂ ಪೇಪರ್ ಅಂಟ್ಸಕ್ ಬಂದಿಲ್ಲ ಬುಡಿ," ಎಂದು ಸಾಬರು ನಕ್ಕರು.

ನಾಲ್ಕು ದಿನ ಬಿಟ್ಟು ಒಂಬತ್ತು ರೋಲು ತಂದರು. ಅಪ್ಪ ಮನೆಯಲ್ಲಿರಲಿಲ್ಲ, ಅಮ್ಮ ಹಿತ್ತಲಲ್ಲಿ ನೀರು ಕಾಯಿಸುತ್ತಿದ್ದಳು. ಅಂಟು ಕಲಸಿಟ್ಟರು. ಕತ್ತರಿ ಹಾಕುವ ಮೊದಲು ಮತ್ತೊಮ್ಮೆ ಅಳೆಯುವುದು ಅವರ ಪದ್ಧತಿ. ತೊಲೆ ಕೂತಿದ್ದ ಕಡೆ ಟೇಪು ಹಿಡಿದರು, ಚೀಟಿ ನೋಡಿದರು, ಮತ್ತೆ ಹಿಡಿದರು.

"ಒಂದಂಗುಲ ಕಮ್ಮಿ ಬತ್ತಾದೆ. ತೊಲೆ ಇಳೀತಾದೆ. ಕೂಸ್ನ ಎತ್ಕಳಮ್ಮಾ, ಆಚ್ಗೋಗನ."

ಮಗು ಆಗಷ್ಟೇ ನಿದ್ದೆ ಹೋಗಿತ್ತು. ಎಷ್ಟೋ ದಿನಗಳಿಂದ ನಾನು ನೆಟ್ಟಗೆ ಮಲಗಿರಲಿಲ್ಲ. ಒಂದಂಗುಲ ತಾನೆ ಅನ್ನಿಸಿತು.

"ಈಗ್ ಮಲ್ಗವ್ಳೆ. ಹತ್ ನಿಮ್ಷ ಇರಿ," ಎಂದು ಕಣ್ಣು ಮುಚ್ಚಿದೆ.

ಸಾಬರು ನೇರ ತೊಟ್ಟಿಲಿಗೆ ಬಂದರು. ಅಂಟಿನ ಕೈಯಲ್ಲೇ ಮಗುವನ್ನು ಎತ್ತಿ ಎದೆಗೊತ್ತಿಕೊಂಡು, ಇನ್ನೊಂದು ಕೈಯಲ್ಲಿ ನನ್ನ ರಟ್ಟೆ ಹಿಡಿದು ಎಳೆದರು. ನಡುಮನೆಯಲ್ಲಿ ನಾನು ಬಯ್ಯಲು ಬಾಯಿ ತೆರೆದಿದ್ದೆ. ಹಿಂದೆ ತೊಲೆಯ ತುದಿ ಗೋಡೆ ಬಿಟ್ಟಿತು. ತಾರಸಿಯ ಇಟ್ಟಿಗೆ, ಮಣ್ಣು ಎಲ್ಲ ತೊಟ್ಟಿಲಿನ ಮೇಲೆ ಬಿತ್ತು. ಮಂಚದಿಂದ ನಡುಮನೆಗೆ ಎಂಟು ಹೆಜ್ಜೆ. ಇವತ್ತಿಗೂ ಕಣ್ಣು ಮುಚ್ಚಿದರೆ ಆ ಎಂಟನ್ನು ಎಣಿಸುತ್ತೇನೆ. ಕೆಲವು ಸಲ ಆರಕ್ಕೇ ತೊಲೆ ಬೀಳುತ್ತದೆ.

"ಕೈ ತೊಳೀದೆ ಮುಟ್ಬುಟ್ಟೆ, ತಪ್ಪು ತಿಳ್ಕಬ್ಯಾಡಮ್ಮಾ," ಎಂದು ಮಗುವನ್ನು ನನ್ನ ಕೈಗೆ ಕೊಟ್ಟರು.

ಸಂಜೆ ಬೀಗರು ಓಡಿ ಬಂದರು. ಮಗು ಹೇಗೆ ಉಳಿಯಿತೆಂದು ಅತ್ತೆ ಕೇಳಿದಾಗ ಸಾಬರು, "ತಾಯಲ್ವಾ? ನಾ ಬಾಯ್ ಬುಡಕ್ ಮುಂಚೆನೇ ಎತ್ಕಂಡ್ಬುಟ್ರು," ಎಂದರು. ಎಲ್ಲರೂ ನನ್ನನ್ನು ಹೊಗಳಿದರು. ನಾನು ತಲೆ ತಗ್ಗಿಸಿ ಮಗುವಿನ ಬಟ್ಟೆಗೆ ಮೆತ್ತಿದ್ದ ಅಂಟನ್ನು ಕೆರೆಯುತ್ತಿದ್ದೆ.

ಹೋದ ವರ್ಷ ಸಾಬರು ತೀರಿಕೊಂಡರು. ಅಮ್ಮನೇ ತನ್ನನ್ನು ಉಳಿಸಿದ್ದೆಂದು ಮಗಳು ಶಾಲೆಯಲ್ಲಿ ಹೇಳಿಕೊಂಡು ತಿರುಗುತ್ತಾಳೆ. ಅಲ್ಲವೆನ್ನಲು ಎಷ್ಟೋ ಸಲ ಹೊರಟು ಸೋತಿದ್ದೇನೆ. ಈಗ ಅವಳು ಓದು ಕಲಿತಿದ್ದಾಳೆ. ಇದನ್ನು ಬರೆದು ಅವಳಿಗೆ ಸಿಗುವಂತೆ ಇಡುತ್ತೇನೆ.