ಸಾನಪಾಡಾ ತನಕ ನಾನೇ ಸ್ಟೂಡೆಂಟ್

"ಅಜ್ಜಿ, ನೀವ್ ಎಲ್ಲಿ ಇಳೀತೀರಿ?"

ಠಾಣೆ ಸ್ಟೇಷನ್ನಿನಲ್ಲಿ ವಾಶಿ ಲೋಕಲ್ ಟ್ರೇನ್ ಹತ್ತಿ ಕೂತು, ಫೋನಿನಲ್ಲಿ ಕನ್ನಡ ಮಾತಾಡಿ ಮುಗಿಸಿದ್ದೆನಷ್ಟೆ. ಎದುರು ನಿಂತಿದ್ದ ಹುಡುಗಿ ಕೇಳಿದಳು. ಲೇಡೀಸ್ ಡಬ್ಬಿಯಲ್ಲಿ ಹೀಗೆ ಕೇಳುವುದು ಇಳಿಯುವವರ ಸೀಟ್ ಬುಕ್ ಮಾಡುವುದಕ್ಕೆ. ಸಾನಪಾಡಾ ಎಂದೆ.

"ಛಲೋ ಆತು. ಅಲ್ಲೀತನಕ ನನ್ನ ಪಾಠ ಕೇಳ್ರಿ. ಇವತ್ತು ನರ್ಸಿಂಗ್ ಪರೀಕ್ಷಾ ಅದ, ಹೋದ ಸಲ ಫೇಲ್ ಆಗೀನಿ. ನಿಮಗ ತಿಳೀತಂದ್ರ ನನಗೂ ಬಂದದಂತ ಅರ್ಥ."

ಕಾನ್ವೆಂಟಿನಲ್ಲಿ ಸಿಸ್ಟರ್ ಹೇಳಿದ್ದನ್ನೆಲ್ಲ ಬೈಹಾರ್ಟ್ ಮಾಡಿ ಒಪ್ಪಿಸಿದವಳು ನಾನು. ಡೌಟ್ ಕೇಳುವ ಆಸೆ ಹಾಗೇ ಉಳಿದಿತ್ತು. ಹೃದಯದ ಎಡಗಡೆಯ ಗೋಡೆ ದಪ್ಪ ಎಂದು ಅವಳು ಹೇಳಿದೊಡನೆ ಕೈ ಎತ್ತಿ, "ಮಿಸ್, ಎಡದ್ದು ಮಾತ್ರ ಯಾಕೆ ದಪ್ಪ?" ಎಂದೆ.

ಮಿಸ್ ಪುಸ್ತಕ ತೆಗೆಯದೆ ಕಿಟಕಿಯಾಚೆ ನೋಡುತ್ತ ಯೋಚಿಸಿದಳು. ಘನ್ಸೋಲಿ ಸ್ಟೇಷನ್ ದಾಟಿದ ಮೇಲೆ ಮುಖ ಅರಳಿತು.

"ಬಲಗಡೀದು ಬಾಜೂಕಿನ ಶ್ವಾಸಕೋಶಕ್ಕ ಅಷ್ಟ ರಕ್ತ ಕಳಿಸ್ತದ, ಠಾಣೆಯಿಂದ ಇಲ್ಲೇ ಐರೋಲಿಗೆ ಹೋದಂಗ. ಎಡಗಡೀದು ಕಾಲಿನ ಬೆರಳತನಕ ಕಳಿಸಬೇಕು, ಸೀದಾ ಪನವೇಲ್, ಕೊನೀ ಸ್ಟೇಷನ್. ಜೋರು ಬೇಕಲ್ರಿ."

ಅವಳು ಪಾಸಾದಳೋ ಏನೋ, ಗೊತ್ತಿಲ್ಲ. ಆ ಪ್ರಶ್ನೆ ಪೇಪರಿನಲ್ಲಿ ಬಂದಿರಲಿ ಎಂದು ಈಗಲೂ ಪ್ರೇಯರ್ ಮಾಡುತ್ತೇನೆ. ಈ ವಯಸ್ಸಿನಲ್ಲಿ ನನಗೆ ಗೊತ್ತಿರುವುದನ್ನು ಯಾರೂ ಕೇಳುವುದಿಲ್ಲ. ಗೊತ್ತಿಲ್ಲದ್ದಾದರೂ ಒಬ್ಬಳ ಉಪಯೋಗಕ್ಕೆ ಬಂತು.