ಫಾಂಡ್ ಅಂದರೆ ಹುಚ್ಚು

ಸುವರ್ಣಾ, ಆ ಮಾತು ನಿನ್ನದು. ನಾನು ಅದನ್ನು ನನ್ನದೆಂದು ಹೇಳಿಕೊಂಡೆ — ತುಂಬಿದ ತರಗತಿಯಲ್ಲಿ, ನೀನು ಹಿಂದಿನ ಬೆಂಚಿನಲ್ಲಿ ಕೂತಿರುವಾಗಲೇ. ಇಂದಿಗೂ ಹಾಗೆಯೇ ಹೇಳಿಕೊಳ್ಳುತ್ತಿದ್ದೇನೆ.

ಸೋಲಾಪುರದಲ್ಲಿ ನಾವು ಇಂಗ್ಲಿಷ್ ಎಂ.ಎ. ಓದುತ್ತಿದ್ದ ಕಾಲ ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ನಾನು ಪೇಟೆಯ ಚಾದರ ವ್ಯಾಪಾರಿಯ ಮಗಳು. ನೀನು ನಾಗಣಸೂರಿನ ಒಕ್ಕಲು ಮನೆಯವಳು, ಅಕ್ಕಲಕೋಟೆಯಲ್ಲಿ ಬಸ್ಸು ಬದಲಿಸಿ ಬರುತ್ತಿದ್ದವಳು. ನಮ್ಮನ್ನು ಗೆಳತಿಯರನ್ನಾಗಿ ಮಾಡಿದ್ದು ಆ ಹಳೆಯ ಇಂಗ್ಲಿಷ್ ನಾಟಕಗಳು. ಎಂಥೆಂಥ ಪದಗಳು! 'ಪ್ರಿದೀ' ಅಂದರೆ ದಯವಿಟ್ಟು, 'ಅನಾನ್' ಅಂದರೆ ಇದೀಗ ಬಂದೆ. ಕ್ಯಾಂಟೀನಿನಲ್ಲಿ ನೀನು "ಪ್ರಿದೀ, ಎರಡು ಚಹಾ!" ಎಂದು ಕೂಗಿದರೆ, ಚಹಾ ಕೊಡುವ ಹುಡುಗ ಮರಾಠಿಯಲ್ಲಿ "ಕಾಯ್?" — ಏನು? — ಎಂದು ಕಣ್ಣು ಬಿಡುತ್ತಿದ್ದ. ನಾವು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು.

ಒಂದು ಸಂಜೆ, ಬಸ್ ಸ್ಟ್ಯಾಂಡಿನಲ್ಲಿ, 'ಫಾಂಡ್' ಎಂಬ ಪದ ನಮ್ಮನ್ನು ತಡೆದು ನಿಲ್ಲಿಸಿತು. ಈಗಿನ ಅರ್ಥ ಅಕ್ಕರೆ. ಆದರೆ ನಾಟಕದ ರಾಣಿ ಕೆಂಡದಂಥ ಸಿಟ್ಟಿನಲ್ಲಿ ಸೇವಕನನ್ನು ಹಾಗೆ ಕರೆಯುತ್ತಾಳೆ! ನಿಘಂಟು ನೋಡಿದೆವು — ಹಳೆಯ ಅರ್ಥ, ಮೂರ್ಖ. ನಾನು ಅಲ್ಲಿಗೇ ಬಿಟ್ಟೆ. ನೀನು ಬಿಡಲಿಲ್ಲ. ಮೂರ್ಖತನ ಅಕ್ಕರೆಯಾದದ್ದು ಹೇಗೆ?

ನೀನು ಕೂತಲ್ಲಿಂದ ಜಿಗಿದೆದ್ದೆ. "ಏ ವಿಜಯಾ, ಇದು ನಮ್ಮ ಹುಚ್ಚು ಅಲ್ಲೇನ! ಸಿಟ್ಟು ಬಂದ್ರ ನಮ್ಮ ಅವ್ವ ಅಪ್ಪಗ 'ಹುಚ್ಚ' ಅಂತ ಬೈತಾಳ. 'ಅವಗ ಎತ್ತಿನ ಹುಚ್ಚು ಭಾಳ' ಅಂತನೂ ಅಂತಾಳ. ಒಂದು ಬೈಗಳ, ಒಂದು ಪ್ರೀತಿ. ಮರಾಠ್ಯಾಗ 'ವೇಡ' ಅಂದ್ರೂ ಹಂಗ ಐತಿ. ಆ ಇಂಗ್ಲಿಷ್ ಮಂದಿನೂ ನಮ್ಮ ಹಾದೀಲೇ ನಡದಾರ ನೋಡು!"

ನನಗೆ ರೋಮಾಂಚನವಾಯಿತು. ಕಾಲೇಜಿನಲ್ಲಿ ನಾನು ಬಾಯಿಗೇ ತಾರದ ನಮ್ಮ ಕನ್ನಡ — ಅದು ಇಂಥ ಬಾಗಿಲು ತೆರೆಯಬಲ್ಲದೆ!

ಮರುದಿನ ನಾಟಕದ ಪಾಠ ಮಾಡುತ್ತ ಸರ್ ಅದೇ ಸಾಲಿಗೆ ಬಂದರು. ಈ ಪದದ ಅರ್ಥ ಹೀಗೇಕೆ ಹೊರಳಿತು, ಯಾರಾದರೂ ಹೇಳಬಲ್ಲಿರಾ ಎಂದರು. ನನ್ನ ಕೈ ತಾನಾಗಿ ಮೇಲೆದ್ದಿತು — ಇಲ್ಲ, ನಾನೇ ಎತ್ತಿದೆ. ಹುಚ್ಚು, ವೇಡ, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದೆ. ಸರ್ ಕುರ್ಚಿಯಿಂದ ಎದ್ದುನಿಂತರು. ಇದು ನಿನಗೆಲ್ಲಿ ಸಿಕ್ಕಿತು ಎಂದು ಕೇಳಿದರು.

"ರಾತ್ರಿ ಓದುವಾಗ ಹೊಳೀತು, ಸರ್."

ಅಲ್ಲಿಯವರೆಗೆ ನೀನು ನಗುತ್ತಿದ್ದೆ. ಈಗ ನಿನ್ನ ಹೆಸರು ಹೇಳುತ್ತೇನೆ ಎಂದು ಕಾಯುತ್ತಿದ್ದೆಯೇನೋ... ಹೊರಗೆ ಬಂದಮೇಲೆ ನೀನು "ಬಸ್ಸಿನ ಹೊತ್ತಾತು" ಎಂದಷ್ಟೇ ಅಂದು ಹೊರಟೆ. ಆಮೇಲೆ ನಾವಿಬ್ಬರೂ ಕೂಡಿ ಒಂದು ಪದವನ್ನೂ ಬೆನ್ನಟ್ಟಲಿಲ್ಲ. ನೀನು ಮದುವೆಯಾಗಿ ಅಕ್ಕಲಕೋಟೆ ಸೇರಿದೆ. ಸರ್ ಅಂದಿನಿಂದ ನನ್ನನ್ನು ಮೆಚ್ಚಿಕೊಂಡಿದ್ದರು. ಅವರು ಹೇಳಿದ್ದರಿಂದಲೇ ನಾನು ಅದೇ ಕಾಲೇಜಿನಲ್ಲಿ ಪಾಠ ಹೇಳತೊಡಗಿದೆ.

ಪ್ರತಿ ವರ್ಷವೂ 'ಫಾಂಡ್' ಬರುತ್ತದೆ. ಹುಡುಗಿಯರ ಕಣ್ಣುಗಳು ಅರಳುತ್ತವೆ. ನನ್ನ ಎದೆಯೂ ಮೊದಲ ಸಲದಂತೆಯೇ ಹಿಗ್ಗುತ್ತದೆ — ನಾಚಿಕೆಯ ಸಂಗತಿಯೆಂದರೆ, ಆ ಹಿಗ್ಗು ಸುಳ್ಳಲ್ಲ.

ಕಳೆದ ವಾರ ಶ್ರುತಿ ಎಂಬ ವಿದ್ಯಾರ್ಥಿನಿ ಓಡೋಡಿ ಬಂದಳು. "ಮೇಡಂ, ನೀವು ಹೇಳಿದ್ದನ್ನ ನಮ್ಮ ಮಾವಶಿಗೆ, ಅವ್ವನ ತಂಗಿಗೆ, ಹೇಳಿದೆರಿ. ಸುವರ್ಣಾ ಅಂತ, ಅಕ್ಕಲಕೋಟ್ಯಾಗ ಇರ್ತಾಳ್ರಿ. ಆಕಿನೂ ಇಲ್ಲೇ ಎಂ.ಎ. ಮಾಡ್ಯಾಳ್ರಿ. ಇನ್ನೊಮ್ಮೆ ಹೇಳು ಅಂತ ಹೇಳಿಸಿಕೊಂಡಳ್ರಿ!"

"ಏನಂದಳು?" ಎಂದೆ.

"'ನಿಮ್ಮ ಮೇಡಂ ಭಾಳ ಛಲೋ ಕಲಸ್ತಾರ' ಅಂದಳ್ರಿ."

'ಅದು ನನ್ನ ಮಾತು' ಎಂದು ನೀನು ಅವಳಿಗೆ ಹೇಳಬಹುದಿತ್ತು. ನಿನ್ನದೇ ಮಾತನ್ನು ಅಕ್ಕನ ಮಗಳ ಬಾಯಿಂದ ಹೊಸದೆಂಬಂತೆ ಕೇಳಿಸಿಕೊಂಡೆ. ಅದು ಕ್ಷಮೆಯೋ, ಮತ್ತೇನೋ — ಕೇಳುವ ಹಕ್ಕು ನನಗಿಲ್ಲ.

ಇದನ್ನು ಕನ್ನಡದಲ್ಲಿ ಬರೆದಿದ್ದೇನೆ. ಆದರೆ ಆ ಮಾತು ನನ್ನದೆಂದು ನಂಬಿರುವ ಶ್ರುತಿ ಮರಾಠಿ ಶಾಲೆಯಲ್ಲಿ ಕಲಿತವಳು; ಅವಳಿಗೆ ಕನ್ನಡ ಆಡಲು ಬರುತ್ತದೆ, ಓದಲು ಬರುವುದಿಲ್ಲ. ಬರೆದು ಸುಮ್ಮನಾದರೆ ಮತ್ತೊಮ್ಮೆ ಮುಚ್ಚಿಟ್ಟಂತೆ. ನಾಳೆ ಮೊದಲ ತಾಸು ಅವಳ ತರಗತಿಗೇ. ಅವಳು ಮುಂದಿನ ಸಾಲಿನಲ್ಲಿ ಕೂರುತ್ತಾಳೆ. ಅವಳ ಮುಖ ನೋಡಿಕೊಂಡೇ ನಿನ್ನ ಹೆಸರು ಹೇಳುತ್ತೇನೆ.